ಮೈನಸ್ ಐದು ಲೀಟರ್ ಸ್ಪಿರಿಟ್ ಕುರಿತು ಪರೀಕ್ಷಕರಿಗೆ ಒಂದು ಬಿನ್ನಹ

ಬಡ್ತಿ ಪರೀಕ್ಷೆಯ ಗಣಿತ ಪತ್ರಿಕೆಯ ಮಾನ್ಯ ಪರೀಕ್ಷಕರೇ,

ತಮ್ಮ ಕೆಂಪು ಪೆನ್ನಿಗೂ ಅದನ್ನು ಹಿಡಿದ ದಣಿವರಿಯದ ಬೆರಳುಗಳಿಗೂ ಮೊದಲು ನಮಸ್ಕರಿಸಿ, ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಸ್ಪಿರಿಟ್, ಫಿನಾಯಿಲ್ ಬೆರೆಸಿಕೊಂಡು ಬಂದಿರುವ ಸಹಾಯಕಿಯಾದ ನಾನು, ನಾಲ್ಕು ಜನ ಓದಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ಶೇಕಡಾ ನಲವತ್ತರ ಸ್ಪಿರಿಟ್ಟನ್ನೂ ಶೇಕಡಾ ಅರವತ್ತರ ಸ್ಪಿರಿಟ್ಟನ್ನೂ ಬೆರೆಸಿ ಶೇಕಡಾ ಎಪ್ಪತ್ತರ ಹತ್ತು ಲೀಟರ್ ತಯಾರಿಸಲು ಯಾವುದು ಎಷ್ಟು ಬೇಕು? ‘ಆಗುವುದಿಲ್ಲ. ಎರಡೂ ಎಪ್ಪತ್ತಕ್ಕಿಂತ ಸಪ್ಪೆ, ಸಪ್ಪೆಗೆ ಸಪ್ಪೆ ಸೇರಿಸಿದರೆ ಖಾರವಾಗದು’ ಎಂದು ಬರೆದೆ. ತಾವು ಸೊನ್ನೆ ಕೊಟ್ಟಿರಿ.

ತಮ್ಮ ಮಾದರಿ ಉತ್ತರದ ದರ್ಶನವನ್ನು ಆಮೇಲೆ ಮಾಡಿದೆ. ನಲವತ್ತರದ್ದು x ಲೀಟರ್ ಇರಲಿ ಎಂದು ಶುರುವಾಗಿ, 40x + 60(10 − x) = 700 ಎಂಬ ಗಂಭೀರ ಸಮೀಕರಣದ ಮೂಲಕ ಸಾಗಿ, x = −5, ಆದ್ದರಿಂದ ಮೈನಸ್ ಐದು ಲೀಟರಿಗೆ ಹದಿನೈದು ಲೀಟರ್ ಬೆರೆಸತಕ್ಕದ್ದು ಎಂದು ಅಡಿಗೆರೆ ಎಳೆದುಕೊಂಡು ಅದು ಮುಗಿದಿದೆ. ಲೆಕ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ಪಾಪ, x ಕೂಡ ನನ್ನ ಮಾತನ್ನೇ ಹೇಳಿತ್ತು. ಇದು ಆಗದ ಕೆಲಸ ಸ್ವಾಮೀ ಎಂದು ತಲೆಯ ಮುಂದೆ ಗೆರೆ ಇಟ್ಟುಕೊಂಡು ಕೂಗಿತ್ತು. ತಾವು ಕೇಳಿಸಿಕೊಳ್ಳಲಿಲ್ಲ, ಅಷ್ಟೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಔದಾರ್ಯ ತಮ್ಮದು. ಕರುವಿಗೆ ಪೂರ್ತಿ ನಾಲ್ಕು ಅಂಕವನ್ನೂ ಕೊಟ್ಟಿದ್ದೀರಿ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಮೈನಸ್ ಐದು ಲೀಟರಿನ ಒಂದು ಕ್ಯಾನನ್ನು ನಮ್ಮ ಕೋಣೆಗೆ ಕಳುಹಿಸಿಕೊಡಬೇಕು. ಹೊತ್ತು ತರುವವರ ಹೆಗಲು ಹಗುರಾದೀತು, ಕಪಾಟಿನಲ್ಲಿ ಜಾಗವೂ ಉಳಿದೀತು. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳು, “ಅಮ್ಮಾ, ಮೈನಸ್ ಐದು ಲೀಟರ್ ಅಂದ್ರೆ ಕ್ಯಾನಿಂದ ಸುರಿಯೋದಾ, ಕ್ಯಾನಿಗೆ ಸುರಿಯೋದಾ?” ಎಂದು ಕೇಳಿದ್ದಾಳೆ. ಉತ್ತರವನ್ನು ಕ್ಯಾನಿನ ಮೇಲೆಯೇ ಬರೆದು ಅಂಟಿಸಿದರೆ ಉಪಕಾರವಾಗುತ್ತದೆ.

ಪಾಸಾಗಲು ನಲವತ್ತು ಅಂಕ ಬೇಕಿತ್ತು, ನನಗೆ ಬಂದದ್ದು ಮೂವತ್ತಾರು. ನಲವತ್ತೈದು ವರ್ಷ ದಾಟಿದವರು ಈ ಪರೀಕ್ಷೆಗೆ ಕೂರುವಂತಿಲ್ಲ, ನನಗೆ ಮುಂದಿನ ತಿಂಗಳು ನಲವತ್ತೈದು ತುಂಬುತ್ತದೆ. ಮರುಪರಿಶೀಲನೆ ಕೋರಿದ್ದಕ್ಕೆ ‘ಮಾದರಿ ಉತ್ತರಕ್ಕೆ ಹೊಂದುವುದಿಲ್ಲ’ ಎಂಬ ಮೂರು ಪದಗಳ ಪತ್ರ ಬಂತು. ಅದನ್ನು ಓದಿ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ತಾವು ನಕ್ಕರೂ ನಗಿ. ಈ ನೆಲ ಡೊಂಕೇ ಇದೆ, ನಾನು ಅದನ್ನು ಅಳೆದು ನೋಡಿಯೇ ಹೇಳುತ್ತಿದ್ದೇನೆ.

ತಮ್ಮ ಸೊನ್ನೆಗೆ ಪಾತ್ರಳಾಗಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಸ್ಪಿರಿಟ್ ಕೋಣೆಯ ಸಹಾಯಕಿ

ವಿ. ಸೂ.: ಮೈನಸ್ ಐದು ಎಂದು ಬರೆದು ಪಾಸಾದ ತಮ್ಮ ಮೆಚ್ಚಿನ ಅಭ್ಯರ್ಥಿ ನನ್ನ ಮೇಲ್ವಿಚಾರಕರಾಗಿ ಬಂದಿದ್ದಾರೆ. ಮೊದಲ ದಿನವೇ ಕೋಣೆಯ ಬಾಗಿಲು ಮುಂದೆ ಮಾಡಿ, “ಅಕ್ಕಾ, ಈ ಎಪ್ಪತ್ತರದ್ದು ಹೇಗೆ ಮಾಡೋದು, ಸ್ವಲ್ಪ ತೋರಿಸಿಕೊಡಿ” ಎಂದರು. ತೊಂಬತ್ತೈದರದ್ದಕ್ಕೆ ನೀರು ಅಳೆದು ಸೇರಿಸಿ ತೋರಿಸಿಕೊಟ್ಟೆ; ರೋಗಿಗಳೇನೂ ನನಗೆ ಸೊನ್ನೆ ಕೊಟ್ಟಿಲ್ಲವಲ್ಲ. ಎಂದಾದರೂ ತಾವು ಹೊಲಿಗೆ ಹಾಕಿಸಿಕೊಳ್ಳಲು ನಮ್ಮ ಆಸ್ಪತ್ರೆಗೆ ಬರುವಂತಾದರೆ ದಯವಿಟ್ಟು ಹೆದರಬೇಡಿ. ತಮ್ಮ ಚರ್ಮ ಒರೆಸುವ ಸ್ಪಿರಿಟ್ಟನ್ನು ಈಗಲೂ ಫೇಲಾದವಳೇ ಬೆರೆಸುತ್ತಿದ್ದಾಳೆ.