ಮೂರೂರು ಸೇರಿ ಕರೆಸಿದ ಬೊಂಬೆಯಾಟ

ಬನ್ರವ್ವ, ಆ ಫೋನು ಪಕ್ಕಕ್ಕಿಟ್ಟು ಚಾಪೆ ಮೇಲೆ ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ಮೂರೂರು ಒಂದಾಗಿ ಒಂದು ಕೆಲ್ಸಕ್ಕೆ ಕೈ ಹಾಕಿದ್ರೆ ಏನಾದ್ರೂ ಒಂದು ಆಗ್ದೇ ಇರಲ್ಲ. ನಗಬೇಕೋ ಅಳಬೇಕೋ ನೀವೇ ನೋಡಿ.

ವೈಟ್‌ಫೀಲ್ಡ್ ಆಚೆಗೆ ನಮ್ಮೂರು, ಕೆರೆ ಕೆಳಗಿನ ಊರು, ಟೆಕ್ ಪಾರ್ಕ್ ಕಾಂಪೌಂಡಿಗೆ ಅಂಟ್ಕೊಂಡಿರೋ ಊರು. ಒಂದೊಂದೇ ಊರು ಆಟ ಆಡಿಸೋ ಕಾಲ ಹೋಯ್ತು ಅಂತ ಮೂರೂ ಸೇರಿ ತೊಗಲುಬೊಂಬೆಯೋನನ್ನ ಕರೆಸಿದ್ವಿ. ಅವನಿಗೋ ಎದೇಲಿ ಉಸಿರು ನಿಲ್ತಿರಲಿಲ್ಲ. ಜೊತೆಗೆ ಮಗಳು, ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ಹೊಲಿಯೋಳು, ಭಾನುವಾರ ಮಾತ್ರ ರಜ.

ಅವನು ಮೊದಲೇ ಹೇಳ್ಬಿಟ್ಟ: "ಮೂರು ಭಾನುವಾರ ಮೂರೂರಲ್ಲಿ ಆಟ ನಡೆದ್ರೆ ಬೊಂಬೆ ನನ್ನ ಮಗಳ ಕೈಗೆ. ಇಲ್ಲಾಂದ್ರೆ ನೀರಿಗೆ." ಆಡಿಸೋರಿಲ್ಲದ ಬೊಂಬೆನ ಮನೇಲಿಟ್ಕೋಬಾರದು, ನೀರಿಗೆ ಬಿಡಬೇಕು ಅಂತ ಅವರಲ್ಲಿ ಪದ್ಧತಿ. ಮಗಳು ತಲೆ ಬಗ್ಗಿಸ್ಕೊಂಡು ನಿಂತಿದ್ಲು.

೧. ಪರದೆ

ಒಂದೂರು ಪರದೆ, ಒಂದೂರು ದೀಪ, ಒಂದೂರು ಊಟ ಅಂತ ಮಾತಾಗಿತ್ತು. ಆದ್ರೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸಿದ್ರು ಅನ್ನಿಸ್ಕೊಳ್ಳೋಕೆ ಯಾವ ಊರು ಒಪ್ತದೆ? ಮೂರೂ ಊರೋರು ಮುದ್ದೆ, ಹುರುಳಿಕಾಳು ಸಾರು ಹೊತ್ಕೊಂಡು ಬಂದ್ರು. ದೀಪಕ್ಕೆ ಬಲ್ಬನ್ನ ಅಂಗಡಿಯೋನು ಕೊಟ್ಟ. ಪರದೆಗೆ ಮಾತ್ರ ಬಿಳಿ ಬಟ್ಟೆ ಇಲ್ಲ. ನನ್ನ ಹೆಣಕ್ಕೆ ಹೊದಿಸಲಿ ಅಂತ ನಾನೇ ಟ್ರಂಕಲ್ಲಿ ತೆಗೆದಿಟ್ಟಿದ್ದ ಬಟ್ಟೆ ತಂದ್ಕೊಟ್ಟೆ. ಬೊಂಬೆಯೋನು ಕೈ ಹಿಂದಕ್ಕೆಳ್ಕೊಂಡ.

"ಅಕ್ಕ, ಮಧ್ಯದಲ್ಲಿ ನಿಂಗೇ ಬೇಕಾದ್ರೆ?"

"ಆಟ ಮುಗಿಯೋಗಂಟ ತಡ್ಕೊತೀನಿ, ಕಟ್ಟಪ್ಪ."

೨. ಜನ

ಮೊದಲನೇ ಭಾನುವಾರ ನಮ್ಮೂರಲ್ಲಿ ಆಟ ಚೆನ್ನಾಗೇ ನಡೀತು. ಎರಡನೇ ಭಾನುವಾರ ಕೆರೆ ಕೆಳಗಿನ ಊರಲ್ಲಿ, ಆಟದ ಜಗಲಿ ಎದುರುಮನೆ ಯಜಮಾನ ಬೆಳಗ್ಗೇನೇ ತೀರಿಕೊಂಡ. ಹೆಣ ಎತ್ತೋಗಂಟ ಊರಲ್ಲಿ ವಾದ್ಯ ನುಡಿಸೋ ಹಂಗಿಲ್ಲ. ಮಗ ಇದ್ದಿದ್ದು ಇಲ್ಲೇ ಬ್ರೂಕ್‌ಫೀಲ್ಡಲ್ಲಿ, ಆದ್ರೆ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಬರೋ ಹೊತ್ತಿಗೆ ಬಿಸಿಲು ಇಳಿದಿತ್ತು. ಅಷ್ಟರಲ್ಲಿ ಆಟ ನೋಡೋಕೆ ಮೂರೂರಿನ ಜನ ಬಂದು ಬೀದಿ ತುಂಬಾ ಕೂತಿದ್ರು.

ಸತ್ತೋನು ಊರೋರ ಜೊತೆಗೆಲ್ಲ ಮಾತು ಬಿಟ್ಟಿದ್ದ ಮನುಷ್ಯ. ಮಗ ಕಾರಿಳಿದು ಆ ಜನ ನೋಡಿ, "ನಮ್ಮಪ್ಪ ಇಷ್ಟೊಂದು ಜನಾನ ಸಂಪಾದಿಸಿದ್ರು ಅಂತ ನಂಗೆ ಗೊತ್ತೇ ಇರಲಿಲ್ಲ" ಅಂತ ಬಿಕ್ಕಿ ಬಿಕ್ಕಿ ಅತ್ತ. ಆಟ ನೋಡೋಕೆ ಬಂದೋರೆಲ್ಲ ಹೆಣದ ಹಿಂದೆ ನಾಕು ಹೆಜ್ಜೆ ಹಾಕಿ, ಮನೆಗೋಗಿ ತಲೆಗೆ ಸ್ನಾನ ಮಾಡಿದ್ವಿ.

ಸಾವಿನ ಮೇಲೆ ಮುನಿಸ್ಕೊಳ್ಳೋಕಾಗ್ತದಾ, ಮೂರನೇದು ನಡೆದ್ರೆ ಸಾಕು ಅಂದ ಬೊಂಬೆಯೋನು.

೩. ನೀರಿಗೂ ಬೇಡ

ಮೂರನೇ ಊರಿನ ರಂಗಮಂದಿರನ ಆ ವಾರವೇ ರಸ್ತೆ ಅಗಲ ಮಾಡೋಕೆ ಕೆಡವಿದ್ರು. ಅವರು ಹೇಳಿರ್ತಾರೆ ಅಂತ ಇವರು, ಇವರು ಹೇಳಿರ್ತಾರೆ ಅಂತ ಅವರು; ಬೊಂಬೆಯೋನಿಗೆ ಯಾರೂ ಹೇಳಿರಲಿಲ್ಲ. ಬಂದು ಇಟ್ಟಿಗೆ ಗುಡ್ಡೆ ಮೇಲೆ ಕೂತು ಉಸಿರು ತಗೊಂಡ. "ಸಾಕು ನಡಿಯವ್ವ" ಅಂತ ಮಗಳನ್ನ ಕರ್ಕೊಂಡು ಸೀದಾ ಕೆರೆಗೆ ಹೊಂಟ. ಹಿಂದೆ ನಾನೂ ಹೋದೆ.

ಕೆರೆ ತುಂಬಾ ನೊರೆ. ರಾಮನನ್ನ ಬಿಟ್ಟ, ರಾಮ ಮುಳುಗಿದ. ಸೀತೆ, ಆಂಜನೇಯ, ಎಲ್ಲರೂ ಸದ್ದಿಲ್ಲದೆ ಒಳಗಿಳಿದ್ರು. ಹತ್ತು ತಲೆ ರಾವಣ ಮಾತ್ರ ನೊರೆ ಮೇಲೆ ಹಾಸಿಗೇಲಿ ಮಲಗ್ದಂಗೆ ಮಲಗಿ ವಾಪಸ್ ಬಂದ. ತಳ್ಳಿದ್ರೆ ಮತ್ತೆ ಬಂದ. ಅಷ್ಟರಲ್ಲಿ ಕೆರೆ ಕಾವಲಿನೋನು ಸೀಟಿ ಊದ್ಕೊಂಡು ಓಡಿ ಬಂದ.

"ಇಲ್ಲಿ ಕಸ ಹಾಕಂಗಿಲ್ಲ."

"ಕಸ ಅಲ್ಲಣ್ಣ, ರಾವಣ" ಅಂದ್ಲು ಮಗಳು, ಕಣ್ಣೀರು ಒರೆಸ್ಕೊಂಡು.

"ಯಾರಾದ್ರೂ ಆಗ್ಲಿ, ಎತ್ಕೊಂಡೋಗಮ್ಮ."

ಬೊಂಬೆಯೋನು ನಕ್ಕ. ಕೆಮ್ಮು ಬಂದು, ಕೆಮ್ಮಿನ ಮಧ್ಯೆನೂ ನಕ್ಕ. ಆಮೇಲೆ ರಾವಣನನ್ನ ನೀರಿಂದೆತ್ತಿ, ನೊರೆ ಒರೆಸಿ, ಮಗಳ ಕೈಗಿಟ್ಟ.

ತಿಂಗಳೊಳಗೆ ಬೊಂಬೆಯೋನೂ ತೀರ್ಕೊಂಡ. ಕಾವಲಿನೋನು ಈಗ ಯಾವುದೋ ಅಪಾರ್ಟ್‌ಮೆಂಟ್ ಗೇಟಲ್ಲಿದ್ದಾನೆ. ಬ್ರೂಕ್‌ಫೀಲ್ಡಿನ ಮಗ ಅಪ್ಪನ ತಿಥಿಗೆ ಮೂರೂರಿಗೂ ಊಟ ಹಾಕ್ತಾನೆ. ನಾವೂ ತಲೆ ತಗ್ಗಿಸ್ಕೊಂಡು ಉಣ್ತೀವಿ. ನಾನು, ನೋಡ್ತಿದ್ದೀರಲ್ಲ, ಇನ್ನೂ ಇದ್ದೀನಿ.

ಬೊಂಬೆಯೋನ ಮಗಳು ಈಗ್ಲೂ ಹೊಲೀತಾಳೆ. ಭಾನುವಾರ ಬಿಡುವಾದ್ರೆ ನಮ್ಮ ಜಗಲಿ ಮೇಲೆ ಅದೇ ನನ್ನ ಬಟ್ಟೆ ಕಟ್ಟಿ ಆಟ ಆಡಿಸ್ತಾಳೆ. ಇರೋದು ಒಂದೇ ಬೊಂಬೆ. ರಾವಣ ಬರ್ತಾನೆ, ಅಬ್ಬರಿಸ್ತಾನೆ, ಯುದ್ಧಕ್ಕೆ ಕರೀತಾನೆ. ಕೊಲ್ಲೋಕೆ ಯಾರೂ ಬರಲ್ಲ. ಕಾಯ್ತಾ ನಿಂತಿರ್ತಾನೆ.