ಡೋಲ್ಫಿಯ ನಿರುದ್ಯೋಗಕ್ಕೆ ರಿಲೀಸ್ ಸಿಕ್ಕಿದ್ದು

೨೦೦೪ನೇ ಇಸವಿಯ ಮೇ ತಿಂಗಳಲ್ಲಿ ಕುವೈತಿನ ಕರಾವಳಿ ಬಂಧುಗಳ ಸಂಘದ ನೋಂದಾಯಿತ ನಿರುದ್ಯೋಗಿಗಳ ಒಟ್ಟು ಸಂಖ್ಯೆ ಒಂದು. ಆ ಒಂದರ ಹೆಸರು ಡೋಲ್ಫಿ. ಅವನನ್ನು ನೋಡಿಕೊಳ್ಳಲು ಹನ್ನೊಂದು ಮಂದಿಯ ನಿರುದ್ಯೋಗ ಪರಿಹಾರ ಸಮಿತಿ ಇತ್ತು. ಸಮಿತಿಗೆ ಪ್ರತಿ ಶುಕ್ರವಾರ ಹೊಟೇಲಿನಲ್ಲಿ ಸಭೆ, ಸಭೆಗೆ ಕೋಳಿ ಬಿರಿಯಾನಿ. ಡೋಲ್ಫಿಗೆ ತಿಂಗಳಿಗೊಂದು ಚೀಲ ಕುಚ್ಚಲಕ್ಕಿ.

ಶುಐಬಾದ ಕಾರ್ಖಾನೆಯೊಂದರಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದವನನ್ನು ‘ಖಲಾಸ್’ ಎಂದು ಕಳಿಸಿ ಎಂಟು ತಿಂಗಳಾಗಿತ್ತು. ನರ್ಸ್ ಹೆಂಡತಿ ಇನೆಜ್ ಡ್ಯೂಟಿಗೆ ಹೊರಟಾಗ ಅಕ್ಕಿ ತೊಳೆಯುವುದು, ಬಂದಾಗ ಗಂಜಿ ಬಡಿಸುವುದು, ಇಷ್ಟೇ ಅವನ ಕಸುಬು. ಸಾಕಾಗಿ, ಹೆಸರು ಸಾಲ ಕೊಡುವ ಕುವೈತಿ ಕಫೀಲನೊಬ್ಬನನ್ನು ಹಿಡಿದು ಸ್ವಂತ ಏಸಿ ರಿಪೇರಿಗೆ ಲೈಸೆನ್ಸ್ ಮಾಡಿಸಿದ, ಬೋರ್ಡೂ ಬರೆಸಿದ. ಎಗೈಲಾದ ಬಟ್ಟೆ ಅಂಗಡಿಯ ಮ್ಯಾನೇಜರ್ ಅಲಿಕುಂಞಿ ಹದಿನಾಲ್ಕು ಏಸಿಗಳ ಕೆಲಸ ಕೊಡಲು ಒಪ್ಪಿದ.

“ಶನಿವಾರ ಶುರು ಮಾಡು. ಆದ್ರೆ ಸಂಘದ ರಿಲೀಸ್ ತಾ. ನಾನೂ ಮೆಂಬರ್ ಅಲ್ವಾ ಮಾರಾಯ, ನಾಳೆ ನನ್ನ ತಲೆಗೆ ಬರ್ತದೆ. ಶನಿವಾರ ತಪ್ಪಿದ್ರೆ ಬೇರೆಯವರು ರೆಡಿ ಇದ್ದಾರೆ.”

ರಿಲೀಸ್ ಎಂದರೆ ಯಜಮಾನನೊಬ್ಬ ತನ್ನ ನೌಕರನನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ಕಾಗದವೆಂದು ಗಲ್ಫಿನ ತೊಟ್ಟಿಲ ಕೂಸಿಗೂ ಗೊತ್ತು. ನಿರುದ್ಯೋಗಕ್ಕೆ ಅದೇಕೆ? ಕಾರಣ ಸರಳ. ಸಂಘದ ಕಾರ್ಯದರ್ಶಿ ಯಶೋಧರ ತಮ್ಮ ಕಂಪನಿಯ ಕರಾರುಪತ್ರವನ್ನೇ ಕನ್ನಡಕ್ಕಿಳಿಸಿ, ‘ಉದ್ಯೋಗ’ ಇದ್ದಲ್ಲೆಲ್ಲ ‘ನಿರುದ್ಯೋಗ’ ಎಂದು ತಿದ್ದಿ ನಿಯಮಾವಳಿ ರಚಿಸಿದ್ದರು. ಊಟದ ಬಿಡುವಿನಲ್ಲಿ ಮುಗಿದ ಕೆಲಸ. ಮಹಾಸಭೆ ಚಪ್ಪಾಳೆ ತಟ್ಟಿ ಅಂಗೀಕರಿಸಿತ್ತು.

ನಿಯಮ ೯: ಸಂಘದ ಲಿಖಿತ ರಿಲೀಸ್ ಇಲ್ಲದೆ ನಿರುದ್ಯೋಗವನ್ನು ತ್ಯಜಿಸಿದವನನ್ನು ಪರಾರಿ ಎಂದು ಪರಿಗಣಿಸತಕ್ಕದ್ದು.

ನಿಯಮ ೧೦: ಹೊಸ ಯಜಮಾನನು ಸಮಿತಿಯ ಮುಂದೆ ಖುದ್ದು ಹಾಜರಾಗತಕ್ಕದ್ದು.

ನಿಯಮ ೧೧: ತೆರವಾದ ಸ್ಥಾನಕ್ಕೆ ಅರ್ಹ ನಿರುದ್ಯೋಗಿಯನ್ನು ಅಂದೇ ಒದಗಿಸತಕ್ಕದ್ದು, ತಪ್ಪಿದಲ್ಲಿ ರಿಲೀಸ್ ರದ್ದು.

ಶುಕ್ರವಾರ ಸಭೆ ಸೇರಿತು.

“ನಿನಗೆ ನಾವು ಎಂಥ ಕಮ್ಮಿ ಮಾಡಿದ್ದೇವೆ ಹೇಳು” ಎಂದ ಅಧ್ಯಕ್ಷ ಸದಾನಂದರ ಕಣ್ಣಲ್ಲಿ ನೀರೇ ಬಂತು. “ನೀನು ಹೋದ್ರೆ ಈ ಸಮಿತಿ ಯಾರ ಮುಖ ನೋಡಿ ಊಟ ಮಾಡ್ಬೇಕು?”

“ಅಕ್ಕಿಗೆ ದೂರು ಇಲ್ಲ ಸದಾನಂದಣ್ಣ. ಕೈ ಸುಮ್ಮನೆ ಕೂರುವುದಿಲ್ಲ.”

“ಹೊಸ ಯಜಮಾನರೆಲ್ಲಿ?” ಯಶೋಧರ ಕೇಳಿದರು.

“ನಾನೇ.”

“ನೀನು ನೌಕರ. ಯಜಮಾನರನ್ನು ಕರೆ.”

ಡೋಲ್ಫಿ ಹೊರಗೆ ಹೋದ, ಹೊಟೇಲಿನ ಸಪ್ಲೈಯರನ ಟೈ ಬಿಗಿದುಕೊಂಡು ಒಳಗೆ ಬಂದ. ಹನ್ನೊಂದೂ ಮಂದಿ ಎದ್ದು ನಿಂತರು. ಸದಸ್ಯ ಕೊನ್ರಾಡ್ ಮಾತ್ರ ಕೂತೇ ಇದ್ದನೆಂಬುದು ಶುದ್ಧ ಸುಳ್ಳು. ಅವನೂ ಎದ್ದಿದ್ದ, ಬಿದ್ದ ಚಮಚ ಹುಡುಕಲು.

“ಕೂತ್ಕೊಳ್ಳಿ ಸರ್. ನಮ್ಮ ಡೋಲ್ಫಿ ಬಗ್ಗೆ ತಮ್ಮ ಅಭಿಪ್ರಾಯ?” ಎಂದರು ಯಶೋಧರ.

“ಕೈ ಚುರುಕು, ಬಾಯಿ ಸ್ವಲ್ಪ ಜಾಸ್ತಿ” ಎಂದ ಡೋಲ್ಫಿ ಗಂಭೀರವಾಗಿ. “ನನ್ನ ಮಾತು ಮೀರುವವನಲ್ಲ.”

“ಪಾಪದವ ಸರ್. ಬಿಸಿಲಲ್ಲಿ ಜಾಸ್ತಿ ದುಡಿಸ್ಬೇಡಿ” ಎಂದರು ಸದಾನಂದರು.

“ನೋಡುವಾ.”

ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ರಿಲೀಸ್‌ಗೆ ಸಹಿ ಬಿತ್ತು. ಆಮೇಲೆ ಯಶೋಧರ ಹನ್ನೊಂದನೇ ನಿಯಮ ಓದಿದರು. ಬದಲಿ ನಿರುದ್ಯೋಗಿ ಯಾರು? ಕೆಲಸವಿದ್ದ ಹನ್ನೊಂದು ಮಂದಿಯೂ ತಂತಮ್ಮ ತಟ್ಟೆ ನೋಡಿಕೊಂಡರು. ಡೋಲ್ಫಿಯ ಕಣ್ಣೆದುರು ಹದಿನಾಲ್ಕು ಏಸಿಗಳು ಒಂದೊಂದಾಗಿ ಆರಿದವು. ಟೈ ಮುಟ್ಟಿ ನೋಡಿಕೊಂಡ. ಇನ್ನೂ ಕತ್ತಿನಲ್ಲೇ ಇತ್ತು.

“ನನ್ನ ಕಂಪನಿಯಲ್ಲಿ ಒಬ್ಬ ನೌಕರ ಹೆಚ್ಚಾಗಿದ್ದಾನೆ. ಅವನು ಈಗಿಂದೀಗ ಖಲಾಸ್.”

“ಯಾರು ಸರ್?”

“ಡೋಲ್ಫಿ.”

ಸಭೆ ಬೆಚ್ಚಿಬಿತ್ತು. ಯಶೋಧರ ನಿಯಮಾವಳಿಯನ್ನು ಹಿಂದೆ ಮುಂದೆ ಮಗುಚಿ, “ಕ್ರಮಬದ್ಧ” ಎಂದರು. ಡೋಲ್ಫಿ ಟೈ ಬಿಚ್ಚಿ ಅರ್ಜಿ ಕೊಟ್ಟ. ಎಂಟು ತಿಂಗಳ ಅನುಭವವಿದ್ದುದರಿಂದ ಆಯ್ಕೆ ಅವಿರೋಧವಾಯಿತು. ಕೆಲಸಕ್ಕೆ ಸೇರಿಸಿಕೊಂಡು ಗಳಿಗೆ ಕಳೆಯುವುದರೊಳಗೆ ಬಡವನನ್ನು ಬೀದಿಗೆ ತಳ್ಳಿದ ಯಜಮಾನನ ವಿರುದ್ಧ ಸದಾನಂದರು ಅಲ್ಲೇ ಖಂಡನಾ ನಿರ್ಣಯ ಮಂಡಿಸಿದರು. ನೊಂದವನೆಂಬ ನೆಲೆಯಲ್ಲಿ ಡೋಲ್ಫಿಯೇ ಅದನ್ನು ಅನುಮೋದಿಸಿದ.

ಶನಿವಾರ ಎಗೈಲಾದಲ್ಲಿ ಅಲಿಕುಂಞಿ ರಿಲೀಸ್ ಓದಿ ಕಿಸೆಗೆ ಹಾಕಿಕೊಂಡ.

“ಕೆಲಸದವ ಎಲ್ಲಿ ಸರ್?”

“ನಿನ್ನೆಯೇ ತೆಗೆದೆ.”

“ಹಾಗಾದ್ರೆ ಮೇಲೆ ನೀವೇ ಹತ್ತುವುದಾ? ಛೆ! ಈಗೀಗ ಒಳ್ಳೆಯ ಜನ ಸಿಕ್ಕುವುದೇ ಇಲ್ಲ” ಎಂದು ಅಲಿಕುಂಞಿ ಮರುಗಿ, ಏಣಿ ಹಿಡಿದುಕೊಂಡ.