ಶಾಂತಕೇತುವಿನ ಹೆಂಡತಿ

ನಳಿನಾಕ್ಷಿ: ಈ ಹೆಂಗಸು ನಾನೇ. ಅಲ್ಲ ಅಂತ ದೇವರ ದೀಪ ಮುಟ್ಟಿ ಹೇಳಿ, ನೋಡುವ.

ಅನಂತೇಶ: ಅವಳು ತ್ರೇತಾಯುಗದವಳು ಮಾರಾಯ್ತಿ. ಶಾಂತಕೇತು ಮುನಿಯ ಪತ್ನಿ. ನಿನಗೂ ಅವಳಿಗೂ ಎಂತ ಸಂಬಂಧ?

ನಳಿನಾಕ್ಷಿ: ನಾನೂ ಅದನ್ನೇ ಕೇಳುವುದು.

(ಕಾಪುವಿನ ಒಂದು ಮನೆಯ ಜಗಲಿ. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಮೇಲೆ ಅನಂತೇಶರಿಗೆ ಭಕ್ತಿಯೂ ಕವಿತ್ವವೂ ಒಟ್ಟಿಗೆ ಉಕ್ಕಿ, ಶಿವನ ಮಹಿಮೆಯ ಮೇಲೆ ಮಹಾಕಾವ್ಯವೊಂದನ್ನು ಬರೆದು ಮುಗಿಸಿದ್ದಾರೆ. ಯಾವ ಪುರಾಣದಲ್ಲೂ ಇಲ್ಲದ ಕತೆ. ಮುನಿಯನ್ನೂ ಅವರೇ ಹುಟ್ಟಿಸಿದ್ದು. ಭಾನುವಾರ ಎಲ್ಲೂರಿನಲ್ಲಿ ಅದರದ್ದೇ ತಾಳಮದ್ದಳೆ. ಮುನಿಯ ಪಾತ್ರ ಸ್ವತಃ ಕವಿಗಳದ್ದು. ಇಷ್ಟು ದಿನ ಕಾವ್ಯದತ್ತ ತಿರುಗಿಯೂ ನೋಡದಿದ್ದ ಹೆಂಡತಿ ಇವತ್ತು ಕನ್ನಡಕ ಹಾಕಿಕೊಂಡು ಕೂತಿದ್ದಾರೆ. ಗ್ರಹಚಾರ ಬೇರೆ ಎಂತದು.)

ನಳಿನಾಕ್ಷಿ: ಕೇಳಿ. "ಬೆಲ್ಲದಳಗೆಯನಟ್ಟಕೇರಿಸಿ, ಕಲ್ಲುಮನದಲಿ ನಕ್ಕಳಾ ಸತಿ." ಬೆಲ್ಲದ ಪಾತ್ರೆ ಅಟ್ಟದಲ್ಲಿಟ್ಟದ್ದು ಯಾರು?

ಅನಂತೇಶ: ಮುನಿಪತ್ನಿ.

ನಳಿನಾಕ್ಷಿ: ಯಾಕೆ ಇಟ್ಟಳು?

ಅನಂತೇಶ: ಅದು... ಅವಳ ಸ್ವಭಾವ.

ನಳಿನಾಕ್ಷಿ: ನಿಮ್ಮ ಮುನಿಗೆ ಶುಗರ್ ಉಂಟು, ಅದಕ್ಕೆ. ಮಣಿಪಾಲದ ಡಾಕ್ಟರು ನಿಮ್ಮೆದುರೇ ನನಗೆ ಬೈದದ್ದು. ಅದನ್ನು ಯಾಕೆ ಪದ್ಯದಲ್ಲಿ ಹಾಕಲಿಲ್ಲ?

ಅನಂತೇಶ: ಛಂದಸ್ಸಿಗೆ ಕೂರುವುದಿಲ್ಲ.

ನಳಿನಾಕ್ಷಿ: ನಾನು ನಕ್ಕದ್ದು ಮಾತ್ರ ಚೆಂದಕ್ಕೆ ಕೂತಿದೆ ಅಲ್ವಾ. ಇಲ್ಲಿ ನೋಡಿ, ಕೈಲಾಸಕ್ಕೆ ಹೋಗುವ ದಾರಿಯನ್ನು ವಿಶ್ವಕರ್ಮ ಅಗೆದು ಹಾಗೇ ಬಿಟ್ಟುಹೋಗಿದ್ದಾನಂತೆ. ನಂದಿಯ ಕಾಲು ಹೊಂಡಕ್ಕೆ ಬಿತ್ತಂತೆ. ಇದು ಯಾವ ಯುಗದ ದಾರಿ?

ಅನಂತೇಶ: ದೊಡ್ಡ ಕಾವ್ಯ ಅಂದರೆ ಅದರಲ್ಲಿ ಕವಿಯ ಕಾಲವೂ ಕಾಣಬೇಕು. ಬಲ್ಲವರು ಹಾಗೇ ಹೇಳುವುದು.

ನಳಿನಾಕ್ಷಿ: ಚಿತ್ರಗುಪ್ತ ಮುನಿಗೆ "ಊಟದ ನಂತರ ಬನ್ನಿ" ಅಂತಾನೆ. ಅವನನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಕಾರ್ಕಳ ಆಫೀಸಿಗೆ ಅವನಿಗೆ ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ನಾನೇ.

ಅನಂತೇಶ: ಅದು ನಾನಲ್ಲ, ನನ್ನ ಮೇಲಿನವರು.

(ಇದಕ್ಕೆ ನಳಿನಾಕ್ಷಿ ನಗಲಿಲ್ಲ. ಕೊನೆಯ ಸಂಧಿಗೆ ಬಂದಿದ್ದರು. ಅಲ್ಲಿ ಮುನಿ ಸಿಟ್ಟಿಗೆದ್ದು ಹೆಂಡತಿಗೆ ಶಾಪ ಕೊಡುತ್ತಾನೆ, ಆಕೆ ಕಲ್ಲಾಗುತ್ತಾಳೆ, ಮುನಿ ನೆಮ್ಮದಿಯಿಂದ ತಪಸ್ಸು ಮಾಡಿ ಶಿವನನ್ನು ಕಾಣುತ್ತಾನೆ.)

ನಳಿನಾಕ್ಷಿ: ಬೆಲ್ಲಕ್ಕೆ ನನಗೆ ಬೇಸರ ಇಲ್ಲ. ಕಲ್ಲು ಮಾಡಿದ್ದೀರಲ್ಲ, ಅದಕ್ಕೆ ನಿಜವಾಗಿ ಬೇಸರ ಆಯಿತು. ಭಾನುವಾರ ನನ್ನ ತವರಿನವರೆಲ್ಲ ಬರುತ್ತಾರೆ. ಅವರ ಮಧ್ಯೆ ನಾನು ಯಾವ ಮುಖ ಹೊತ್ತು ಕೂರಲಿ? ಆ ಶಾಪ ತೆಗೆಯಿರಿ.

ಅನಂತೇಶ: ಒಂದು ಅಕ್ಷರವೂ ತೆಗೆಯುವುದಿಲ್ಲ. ಕವಿಗೆ ಅಂಕುಶ ಇಲ್ಲ.

(ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದು. ಭಾಗವತ ದೇವದಾಸ ಬೆವರು ಒರೆಸುತ್ತಾ ಬಂದರು. ಭಾನುವಾರ ಪದ್ಯ ಹಾಡುವವರು ಇವರೇ.)

ದೇವದಾಸ: ಅನಂತೇಶಣ್ಣ, ಕೆಲಸ ಕೆಟ್ಟಿತು. ಮುನಿಪತ್ನಿ ಆಗಬೇಕಿದ್ದ ಶರ್ವಾಣಿ ಟೀಚರಿಗೆ ಗಂಟಲು ಕೂತಿದೆ. ಸ್ವರವೇ ಇಲ್ಲ.

ಅನಂತೇಶ: ಮುನಿಪತ್ನಿಗೆ ಸ್ವರ ಇಲ್ಲದಿದ್ದರೆ ತೊಂದರೆ ಎಂತ? ಮುನಿಗೆ ಅನುಕೂಲವೇ.

ದೇವದಾಸ: ತಮಾಷೆ ಬೇಡ. ನಳಿನಾಕ್ಷಕ್ಕಾ, ನೀವು ಮೊದಲು ಮಹಿಳಾ ಮಂಡಳದಲ್ಲಿ ಅರ್ಥ ಹೇಳುತ್ತಿದ್ದಿರಲ್ಲ. ನೀವೇ ಕೂತುಬಿಡಿ.

(ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರಧಾರಿಗಳು ಕೂತಲ್ಲಿಂದಲೇ ಅದಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಎರಡು ಸಾಲು, ಅರ್ಥ ಅರ್ಧ ಗಂಟೆ. ಅರ್ಥವನ್ನು ಯಾರೂ ಬರೆದು ಕೊಡುವುದಿಲ್ಲ; ಆ ಹೊತ್ತಿಗೆ ಹೊಳೆದದ್ದೇ ಮಾತು. ಎದುರಿನವರು ಉತ್ತರ ಕೊಡಲೇಬೇಕು. ಇದು ಕರಾವಳಿಯ ಮಕ್ಕಳಿಗೂ ಗೊತ್ತು. ಅನಂತೇಶರಿಗೆ ಮಾತ್ರ ಕವಿತ್ವದ ಭರದಲ್ಲಿ ಮರೆತುಹೋಗಿತ್ತು.)

ನಳಿನಾಕ್ಷಿ: ಬೆಲ್ಲದ ಪದ್ಯಕ್ಕೆ ಅರ್ಥ ನಾನೇ ಹೇಳುವುದಾ?

ದೇವದಾಸ: ಮತ್ತೆ ಯಾರು? ಮುನಿಯ ಆರೋಗ್ಯದಿಂದ ಹಿಡಿದು ಅವನ ಗೊರಕೆಯವರೆಗೆ ಎಳೆಯಬಹುದು. ನಾನು ತಡೆಯುವುದಿಲ್ಲ.

ನಳಿನಾಕ್ಷಿ: ಆಗಬಹುದು ದೇವದಾಸಣ್ಣ. ನಾನು ತಯಾರು.

(ಅನಂತೇಶರು ಪೆನ್ನು ಹುಡುಕತೊಡಗಿದರು.)

ಅನಂತೇಶ: ನಳಿನೀ, ಶಾಪ ತೆಗೆಯುವ. ನೀನು ಹೇಳಿದ್ದು ಸರಿ. ಅದನ್ನು ವರ ಮಾಡುತ್ತೇನೆ. ಬೆಲ್ಲದ ಪದ್ಯ ಪೂರಾ ಬಿಡುವ.

ನಳಿನಾಕ್ಷಿ: ಒಂದು ಅಕ್ಷರವೂ ತೆಗೆಯಬಾರದು. ಕಾವ್ಯ ಅಂದರೆ ಅದರಲ್ಲಿ ಕವಿ ಕಾಣಬೇಕು. ಭಾನುವಾರ ಸರಿಯಾಗಿ ಕಾಣುತ್ತಾನೆ.

ಅನಂತೇಶ: ತವರಿನವರೆಲ್ಲ ಬರುತ್ತಾರೆ ಅಂದೆಯಲ್ಲ.

ನಳಿನಾಕ್ಷಿ: ಹೌದು. ಬಜಗೋಳಿಯ ಅತ್ತಿಗೆಗೂ ಈಗಲೇ ಫೋನ್ ಮಾಡುತ್ತೇನೆ. ಅವರು ಬರುವುದಿಲ್ಲ ಅಂದಿದ್ದರು, ಪಾಪ.

(ಅನಂತೇಶರೂ ಕಡಿಮೆ ಕುಳವಲ್ಲ. ಭಾಗವತರ ಕೈ ಹಿಡಿದು ಜಗಲಿಯ ಮೂಲೆಗೆ ಕರೆದೊಯ್ದರು.)

ಅನಂತೇಶ: ದೇವದಾಸ, ಒಂದು ಉಪಕಾರ ಮಾಡು. ಶಾಪದ ಪದ್ಯ ಕೊನೆಯಲ್ಲಿ ಉಂಟಲ್ಲ, ಅದನ್ನು ಮೊದಲೇ ಹಾಡಿಬಿಡು.

ದೇವದಾಸ: ಮೊದಲೇ ಅಂದರೆ?

ಅನಂತೇಶ: ಗಣಪತಿ ಸ್ತುತಿ ಆದ ಕೂಡಲೇ. ಅವಳು ಕಲ್ಲಾಗಲಿ. ಮತ್ತೆ ನಾನೊಬ್ಬನೇ ತಪಸ್ಸಿನ ಬಗ್ಗೆ ಎರಡು ಗಂಟೆ ಮಾತಾಡುತ್ತೇನೆ.

(ಜಗಲಿ ಅಷ್ಟೇನೂ ದೊಡ್ಡದಲ್ಲ.)

ನಳಿನಾಕ್ಷಿ: ಹಾಡಲಿ, ಹಾಡಲಿ. ಶಾಪ ಮೊದಲೇ ಕೊಡಿ. ದೇವದಾಸಣ್ಣ, ಕಲ್ಲು ಮಾತಾಡಬಾರದು ಅಂತ ಕಾವ್ಯದಲ್ಲಿ ಎಲ್ಲಾದರೂ ಉಂಟಾ?

(ಭಾಗವತರು ಹಾಳೆಗಳನ್ನು ನಿಧಾನವಾಗಿ ತಿರುವಿದರು. ಕವಿಗಳೂ ಅವರ ಹೆಗಲ ಮೇಲಿಂದ ಇಣುಕಿದರು.)

ದೇವದಾಸ: ಎಲ್ಲಿಯೂ ಇಲ್ಲ ಅಕ್ಕ. ಕಲ್ಲಿಗೆ ಬೇರೆಯೇ ಒಂದು ಮೈಕ್ ಇಡಲು ಹೇಳುತ್ತೇನೆ.